ಜಾವಾ ಎಂಬ ಹೆಸರಿನ ಹಿಂದಿನ ಮನುಷ್ಯ

ಮಕ್ಕಳೇ, ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆ ಮಲಪನಗುಡಿಯನ್ನು ಹಾದೇ ಹೋಗುತ್ತದೆ. ಮಲಪನಗುಡಿಯ ಮಕ್ಕಳು ಶಾಲೆಗೆ ಬರುವಾಗ ದಿನಕ್ಕೆ ಎಷ್ಟು ಬೈಕುಗಳನ್ನು ನೋಡುತ್ತಾರೋ ಲೆಕ್ಕವಿಲ್ಲ. ಆ ಗುಂಪಿನ ನಡುವೆ ಅಪರೂಪಕ್ಕೊಮ್ಮೆ ಒಂದು ಹಳೆಯ ಗಾಡಿ ಬರುತ್ತದೆ. ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್, ಕೋಳಿಮೊಟ್ಟೆಯಂತೆ ಉರುಟಾದ ಎಂಜಿನ್, ಹಿಂದೆ ನೀಲಿ ಹೊಗೆಯ ಬಾಲ. ಗಾಡಿ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿ ದೊಡ್ಡವರು ಗುರುತು ಹಿಡಿಯುತ್ತಾರೆ. ಅದು ಜಾವಾ, ಇಲ್ಲವೇ ಅದರ ತಮ್ಮ ಯೆಜ್ಡಿ.

ಜಾವಾ ಎಂದರೆ ಭೂಗೋಳದ ಪಾಠದಲ್ಲಿ ಬರುವ ಇಂಡೊನೇಷ್ಯಾದ ದ್ವೀಪವಲ್ಲವೇ ಎಂದು ನೀವು ಕೇಳಬಹುದು. ಹೆಸರು ಒಂದೇ, ಸಂಬಂಧ ಏನೂ ಇಲ್ಲ. ಈ ಜಾವಾದ ಹಿಂದೆ ಇರುವುದು ಒಬ್ಬ ಮನುಷ್ಯ, ಫ್ರಾಂಟಿಶೆಕ್ ಯಾನೆಚೆಕ್. ಅವರು ತೀರಿಕೊಂಡದ್ದು 1941ರಲ್ಲಿ. ಆದರೂ ಅವರ ಹೆಸರಿನ ಎರಡಕ್ಷರ ಇಂದಿಗೂ ನಮ್ಮ ರಸ್ತೆಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತು ಓಡಾಡುತ್ತಿದೆ. ಒಳಗಿನ ಎಂಜಿನ್ ಮಾತ್ರ ಎಷ್ಟೋ ಸಲ ಬದಲಾಗಿದೆ. ಹೆಸರು ಉಳಿಯಬೇಕು, ಎಂಜಿನ್ ಹೊಸದಾಗಬೇಕು. ಇವೆರಡನ್ನೂ ಒಟ್ಟಿಗೆ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಅವರ ಬದುಕಿನಿಂದಲೇ ನೋಡೋಣ.

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಕ್ಲಾಷ್ಟರ್ ಎಂಬ ಹಳ್ಳಿಯಲ್ಲಿ. ಆಗ ಆ ಪ್ರದೇಶ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಯಂತ್ರಗಳ ವಿದ್ಯೆಯನ್ನು ಅವರು ಪ್ರಾಗ್ ನಗರದಲ್ಲಿ, ಆಮೇಲೆ ಬರ್ಲಿನ್ನಿನಲ್ಲಿ ಕಲಿತರು. ಕೆಲಸಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ಹಾಲೆಂಡಿನಲ್ಲಿ ಒಂದು ಕಾರ್ಖಾನೆ ಕಟ್ಟಿಸುವ ಹೊಣೆ ಈ ತರುಣನ ಹೆಗಲಿಗೆ ಬಿತ್ತು. 1909ರಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು.

ಮೊದಲ ಮಹಾಯುದ್ಧದಲ್ಲಿ ಅವರು ಸೈನಿಕರಾಗಿದ್ದರು. ಯಂತ್ರ ಕಂಡರೆ ಸುಮ್ಮನಿರದ ತಲೆ ಅಲ್ಲಿಯೂ ಸುಮ್ಮನಿರಲಿಲ್ಲ. ಅವರ ಹೆಸರಿನಲ್ಲಿ ಸುಮಾರು 60 ಪೇಟೆಂಟುಗಳಿದ್ದವು. ಪೇಟೆಂಟ್ ಎಂದರೆ ಹೊಸದೊಂದನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಒಂದು ಬಗೆಯ ಕೈಬಾಂಬು. ಇದನ್ನು ನಿಮ್ಮಿಂದ ಮುಚ್ಚಿಡಬಾರದು. ಯುದ್ಧ ಮುಗಿದ ಮೇಲೆ ಅವರ ಕಾರ್ಖಾನೆ ಬೆಳೆದದ್ದು ಆಯುಧಗಳಿಂದಲೇ. 1918ರಲ್ಲಿ ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿತ್ತು, ಅದಕ್ಕೆ ಸೈನ್ಯ ಬೇಕಿತ್ತು, ಸೈನ್ಯಕ್ಕೆ ಆಯುಧ ಬೇಕಿತ್ತು.

ಆದರೆ 1920ರ ದಶಕ ಮುಗಿಯುವ ಹೊತ್ತಿಗೆ ಆಯುಧಗಳ ಬೇಡಿಕೆ ಇಳಿಯಿತು. ಯಾನೆಚೆಕ್ ಅವರ ಮುಂದೆ ದೊಡ್ಡ ಚಿಂತೆ. ಲೇತ್‌ಗಳಿವೆ, ಲೋಹ ಒತ್ತುವ ಯಂತ್ರಗಳಿವೆ, ಕೈಕಸುಬು ಬಲ್ಲ ಕೆಲಸಗಾರರಿದ್ದಾರೆ, ಕೆಲಸವಿಲ್ಲ. ಇದೇ ಯಂತ್ರಗಳಿಂದ, ಇದೇ ಜನರಿಂದ ಇನ್ನೇನು ಮಾಡಿಸಬಹುದು? ಅವರ ಉತ್ತರ ಮೋಟಾರ್ ಸೈಕಲ್.

ಹೊಸದಾಗಿ ಎಂಜಿನ್ ರೂಪಿಸಲು ವರ್ಷಗಳೇ ಬೇಕು. ಅಷ್ಟು ಸಮಯ ಅವರ ಬಳಿ ಇರಲಿಲ್ಲ. ಜರ್ಮನಿಯಲ್ಲಿ ವಾಂಡರರ್ ಎಂಬ ಹಳೆಯ ಕಂಪನಿಯಿತ್ತು. ಮೊದಲು ಸೈಕಲ್, ಆಮೇಲೆ ಮೋಟಾರ್ ಸೈಕಲ್ ಮಾಡಿದ ಈ ಕಂಪನಿ ಮೋಟಾರ್ ಸೈಕಲ್ ತಯಾರಿಕೆಯಿಂದ ಹೊರಬರಲು ಯೋಚಿಸುತ್ತಿತ್ತು. ಅದರ 500 ಸಿ.ಸಿ. ಗಾಡಿಯನ್ನು ತಯಾರಿಸುವ ಹಕ್ಕನ್ನು ಯಾನೆಚೆಕ್ 1929ರಲ್ಲಿ ಕೊಂಡುಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರ ಜೆ, ಎ. ವಾಂಡರರ್‌ನ ಮೊದಲೆರಡು ಅಕ್ಷರ ಡಬ್ಲ್ಯು, ಎ. ಎರಡನ್ನೂ ಜೋಡಿಸಿದಾಗ ಹುಟ್ಟಿದ ಹೆಸರು ಜಾವಾ. ಚೆಕ್ ಭಾಷೆಯಲ್ಲಿ ಜೆ ಅಕ್ಷರವನ್ನು ಯ ಎಂದು ಉಚ್ಚರಿಸುತ್ತಾರೆ. ಹಾಗಾಗಿ ಅವರ ಊರಿನಲ್ಲಿ ಅದು ಯಾವಾ. ನಾವು ಇಂಗ್ಲಿಷ್ ಅಕ್ಷರ ಓದಿ ಜಾವಾ ಎಂದೆವು, ಅದೇ ನಿಂತಿತು.

ಆ ಮೊದಲ ಜಾವಾ ನೋಡಲು ಬಲು ಗಂಭೀರವಾದ ಗಾಡಿ. ಚೈನಿನ ಬದಲು ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಉಕ್ಕಿನ ದಂಡವೊಂದು ತಿರುಗುತ್ತಾ ಶಕ್ತಿಯನ್ನು ಒಯ್ಯುತ್ತಿತ್ತು. ಎಂಜಿನ್ ನಾಲ್ಕು ಹೊಡೆತದ್ದು, ಅಂದರೆ ಫೋರ್ ಸ್ಟ್ರೋಕ್. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆದರೆ ಗಾಡಿ ದುಬಾರಿ, ಭಾರವೂ ಹೆಚ್ಚು. ಮೊದಮೊದಲು ಹೊರಬಂದವುಗಳಲ್ಲಿ ದೋಷಗಳೂ ಕಂಡವು. ಸಾಲದ್ದಕ್ಕೆ ಅದೇ 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಬಿತ್ತು. ಅದರ ಪೆಟ್ಟು ಜಗತ್ತಿಗೆಲ್ಲ ತಗುಲಿತು. ಜನರ ಕೈಯಲ್ಲಿ ಹಣವಿಲ್ಲದಾಗ ದುಬಾರಿ ಗಾಡಿಯನ್ನು ಕೊಳ್ಳುವವರು ಯಾರು?

ಇಲ್ಲಿ ಯಾನೆಚೆಕ್ ಹಟ ಹಿಡಿಯಬಹುದಿತ್ತು. ತನ್ನ ಹೆಸರನ್ನೇ ಹೊತ್ತ ಗಾಡಿ, ಅದಕ್ಕೆ ಸುರಿದ ಹಣ, ಎಲ್ಲವೂ ಹಟ ಹಿಡಿಯಲು ಒಳ್ಳೆಯ ಕಾರಣಗಳೇ. ಅವರು ಹಾಗೆ ಮಾಡಲಿಲ್ಲ. 1930ರಲ್ಲಿ ಇಂಗ್ಲೆಂಡಿನಿಂದ ಜಾರ್ಜ್ ಪ್ಯಾಚೆಟ್ ಎಂಬ ಎಂಜಿನಿಯರನ್ನು ಕರೆಸಿಕೊಂಡರು. ಪ್ಯಾಚೆಟ್ ಗಾಡಿ ರೂಪಿಸುವುದರಲ್ಲೂ ರೇಸಿನಲ್ಲಿ ಓಡಿಸುವುದರಲ್ಲೂ ಪಳಗಿದವರು. ಇಬ್ಬರೂ ಸೇರಿ 1932ರಲ್ಲಿ ಹೊರತಂದದ್ದು ಮೊದಲನೆಯದಕ್ಕೆ ತದ್ವಿರುದ್ಧವಾದ ಗಾಡಿ. ಕೇವಲ 175 ಸಿ.ಸಿ., ತೂಕ ಸುಮಾರು 70 ಕಿಲೋ. ಎಂಜಿನ್ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯದು, ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್. ಮೊದಲ ವರ್ಷವೇ ಮೂರು ಸಾವಿರಕ್ಕೂ ಹೆಚ್ಚು ಗಾಡಿಗಳು ಮಾರಾಟವಾದವು. ಕಾರ್ಖಾನೆ ಉಳಿಯಿತು, ಕೆಲಸಗಾರರೂ ಉಳಿದರು.

ಈ ಎರಡು ಹೊಡೆತ, ನಾಲ್ಕು ಹೊಡೆತ ಎಂದರೇನು? ನಿಮ್ಮ ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ಕೊಳವೆಯೊಳಗೆ ಒಂದು ಬಿರಡೆ ಮೇಲೆ ಕೆಳಗೆ ಓಡಾಡುತ್ತದೆಯಲ್ಲವೇ? ಎಂಜಿನ್ನಿನ ಸಿಲಿಂಡರಿನಲ್ಲಿ ಹಾಗೆ ಓಡಾಡುವುದು ಪಿಸ್ಟನ್, ಅಂದರೆ ಆಡುಬೆಣೆ. ಅದು ಒಮ್ಮೆ ಮೇಲಿನಿಂದ ಕೆಳಕ್ಕೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಹೋದರೆ ಒಂದು ಹೊಡೆತ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದೊಂದು ಹೊಡೆತಕ್ಕೆ ಒಂದೊಂದು ಕೆಲಸ. ಮೊದಲನೆಯದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೀರುತ್ತದೆ, ಎರಡನೆಯದು ಒತ್ತುತ್ತದೆ, ಮೂರನೆಯದರಲ್ಲಿ ಕಿಡಿ ಹೊತ್ತಿ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ, ನಾಲ್ಕನೆಯದು ಹೊಗೆಯನ್ನು ಹೊರಹಾಕುತ್ತದೆ. ಒಳಬರಲು ಒಂದು, ಹೊರಹೋಗಲು ಒಂದು ಕವಾಟ ಬೇಕು. ಎರಡು ಹೊಡೆತದ ಎಂಜಿನ್ ಈ ನಾಲ್ಕೂ ಕೆಲಸಗಳನ್ನು ಎರಡೇ ಹೊಡೆತದಲ್ಲಿ ಮುಗಿಸುತ್ತದೆ. ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಪಿಸ್ಟನ್ ತಾನೇ ಓಡಾಡುತ್ತಾ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಬಿಡಿಭಾಗ ಕಡಿಮೆ, ಬೆಲೆ ಕಡಿಮೆ, ರಿಪೇರಿ ಸುಲಭ.

ಆದರೆ ಇದರಲ್ಲೊಂದು ಕೊರತೆಯಿದೆ. ಹೊಗೆ ಹೊರಹೋಗುವುದೂ ಹೊಸ ಮಿಶ್ರಣ ಒಳಬರುವುದೂ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ. ಬಸ್ಸಿನ ಬಾಗಿಲಲ್ಲಿ ಇಳಿಯುವವರು, ಹತ್ತುವವರು ಒಟ್ಟಿಗೆ ನುಗ್ಗಿದ ಹಾಗೆ. ಹತ್ತಬೇಕಾದವರಲ್ಲಿ ಕೆಲವರು ಇಳಿಯುವವರ ಜೊತೆ ಹೊರಕ್ಕೇ ತಳ್ಳಲ್ಪಡುತ್ತಾರೆ. ಹಾಗೆಯೇ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಸೈಲೆನ್ಸರ್ ದಾಟಿ ಹೋಗುತ್ತದೆ. ಇನ್ನೊಂದು ತೊಡಕು ಎಣ್ಣೆಯದು. ಇಲ್ಲಿ ಹೊಸ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಯ ಮೂಲಕ ಬರುತ್ತದೆ. ಆದ್ದರಿಂದ ಅಲ್ಲಿ ಬೇರೆಯಾಗಿ ಎಣ್ಣೆ ತುಂಬಿಡಲಾಗದು, ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಆ ಎಣ್ಣೆಯೂ ಉರಿಯುತ್ತದೆ. ನೀವು ನೋಡಿದ ನೀಲಿ ಹೊಗೆ ಅದೇ.

ಈ ಕೊರತೆಯನ್ನು ಕಡಿಮೆ ಮಾಡುವ ಉಪಾಯವೊಂದು ಜರ್ಮನಿಯ ಡಿ.ಕೆ.ಡಬ್ಲ್ಯು. ಕಂಪನಿಯಲ್ಲಿ ಬಳಕೆಗೆ ಬಂದಿತ್ತು. ಚೊಂಬು ತೊಳೆಯುವಾಗ ಒಂದು ಬದಿಯ ಗೋಡೆಗೆ ನೀರು ಹಾಯಿಸಿ ನೋಡಿ. ನೀರು ಆ ಗೋಡೆಗುಂಟ ಇಳಿದು, ತಳದಲ್ಲಿ ತಿರುಗಿ, ಇನ್ನೊಂದು ಬದಿಯಿಂದ ಕೊಳೆಯನ್ನು ಎತ್ತಿಕೊಂಡು ಮೇಲೆ ಬರುತ್ತದೆ. ಅದೇ ರೀತಿ ಕಿಂಡಿಗಳನ್ನು ಓರೆಯಾಗಿ ಕೊರೆದರೆ ಹೊಸ ಮಿಶ್ರಣ ಹಿಂದಿನ ಗೋಡೆಗೆ ಬಡಿದು, ಮೇಲೇರಿ ತಿರುಗಿ, ಹೊಗೆಯನ್ನು ನೂಕಿಕೊಂಡು ಬರುತ್ತದೆ. ಯಾನೆಚೆಕ್ ಈ ವಿಧಾನದ ಹಕ್ಕನ್ನೂ ಕೊಂಡರು. 1930ರ ದಶಕದ ನಡುವಿನಲ್ಲಿ ಅವರ 250 ಸಿ.ಸಿ. ಗಾಡಿ ಬಂತು. ಜೊತೆಜೊತೆಗೆ 350 ಸಿ.ಸಿ.ಯ ನಾಲ್ಕು ಹೊಡೆತದ ಗಾಡಿಗಳೂ ಬಂದವು. ಕಾರುಗಳೂ ಬಂದವು. 1937ರಲ್ಲಿ 100 ಸಿ.ಸಿ.ಗೂ ಕಡಿಮೆಯ ಪುಟ್ಟ ಗಾಡಿಯೊಂದಕ್ಕೆ ರೋಬೋಟ್ ಎಂದು ಹೆಸರಿಟ್ಟರು. ಅಂದಹಾಗೆ, ರೋಬೋಟ್ ಎಂಬ ಪದ ಜಗತ್ತಿಗೆ ಸಿಕ್ಕಿದ್ದೇ ಚೆಕ್ ಭಾಷೆಯಿಂದ. ಕರೆಲ್ ಚಾಪೆಕ್ ಎಂಬ ಲೇಖಕರು 1920ರಲ್ಲಿ ಬರೆದ ನಾಟಕದಲ್ಲಿ ಅದು ಮೊದಲು ಬಂತು.

ನೋಡಿ, ಹತ್ತು ವರ್ಷಗಳೂ ತುಂಬುವ ಮೊದಲೇ ಜಾವಾ ಎಂಬ ಹೆಸರಿನ ಕೆಳಗೆ ಜರ್ಮನ್ ಮೂಲದ ಎಂಜಿನ್, ಇಂಗ್ಲಿಷ್ ಎಂಜಿನ್, ನಾಲ್ಕು ಹೊಡೆತದ್ದು, ಎರಡು ಹೊಡೆತದ್ದು ಎಲ್ಲವೂ ಬಂದು ಹೋದವು. ಯಾನೆಚೆಕ್ ಅವರಿಗೆ ಯಾವ ಎಂಜಿನ್ನಿನ ಮೇಲೂ ವ್ಯಾಮೋಹವಿರಲಿಲ್ಲ ಎಂದೇ ನನಗೆ ತೋರುತ್ತದೆ. ಸಾಮಾನ್ಯರು ಕೊಳ್ಳುವಂತಿರಬೇಕು, ಕೆಟ್ಟರೆ ಊರಿನಲ್ಲೇ ರಿಪೇರಿಯಾಗಬೇಕು. ಅವರ ಗಾಡಿಗಳ ಉದ್ದಕ್ಕೂ ಕಾಣುವುದು ಇದು.

1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ನಗರಕ್ಕೆ ನುಗ್ಗಿತು. ಕಾರ್ಖಾನೆ ಜರ್ಮನ್ನರಿಗಾಗಿ ದುಡಿಯಬೇಕಾಯಿತು. ಹೊಸ ಮೋಟಾರ್ ಸೈಕಲ್ ರೂಪಿಸುವಂತಿರಲಿಲ್ಲ. ಆದರೂ ಎಂಜಿನಿಯರುಗಳು ಕದ್ದುಮುಚ್ಚಿ ಒಂದು ಹೊಸ 250 ಸಿ.ಸಿ. ಗಾಡಿಯ ಕೆಲಸ ನಡೆಸಿದರು. ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳಬೇಕಿಲ್ಲ. ಆ ಗಾಡಿ ಪೂರ್ತಿಯಾಗುವುದನ್ನು ನೋಡಲು ಯಾನೆಚೆಕ್ ಉಳಿಯಲಿಲ್ಲ. 1941ರ ಜೂನ್ 4ರಂದು ತಮ್ಮ 63ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ ಕರೆಲ್ ಕಾರ್ಖಾನೆಯನ್ನು ಮುಂದುವರಿಸಿದರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಆ ಗುಟ್ಟಿನ ಗಾಡಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದುದರಿಂದ ಜನ ಅದನ್ನು ಪೆರಾಕ್ ಎಂದು ಕರೆದರು, ಸ್ಪ್ರಿಂಗಿನ ಗಾಡಿ ಎಂದು ಅರ್ಥ. ಅಷ್ಟರಲ್ಲಿ ಕಾರ್ಖಾನೆಯನ್ನು ಅಲ್ಲಿನ ಸರ್ಕಾರ ವಹಿಸಿಕೊಂಡಿತ್ತು. ಯಜಮಾನ ಹೋದ, ಮನೆತನದ ಒಡೆತನವೂ ಹೋಯಿತು. ಹೆಸರನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಈ ಹೆಸರು ನಮ್ಮ ನಾಡಿಗೆ ಬಂದ ಕತೆ ಇನ್ನು ಮುಂದಿನದು. 1950ರ ದಶಕದಲ್ಲಿ ಹೊರದೇಶದ ಗಾಡಿಗಳನ್ನು ತರಿಸಿ ಮಾರುವುದಕ್ಕೆ ಭಾರತ ಸರ್ಕಾರ ಕಡಿವಾಣ ಹಾಕಿತು. ಮಾರಬೇಕೆಂದರೆ ಇಲ್ಲೇ ತಯಾರಿಸಬೇಕು. ಪಾರ್ಸಿ ಸಮುದಾಯದ ಇರಾನಿ ಕುಟುಂಬ ಮೈಸೂರನ್ನು ಆರಿಸಿಕೊಂಡಿತು. 1960ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಲ್ಲಿ ಗಾಡಿಗಳು ಹೊರಬಂದವು. 1973ರಿಂದ ಅವುಗಳ ಹೆಸರು ಯೆಜ್ಡಿ ಎಂದಾಯಿತು. ಹೆಸರು ಬದಲಾಯಿತೇ ಹೊರತು ಗಾಡಿಯ ಗುಣ ಬದಲಾಗಲಿಲ್ಲ. ಎರಡು ಸೈಲೆನ್ಸರ್, ಮೊಟ್ಟೆಯಾಕಾರದ ಎಂಜಿನ್, ಎರಡು ಹೊಡೆತ.

ಅದರಲ್ಲೊಂದು ವಿಶೇಷವಿತ್ತು. ಗಾಡಿ ಚಾಲೂ ಮಾಡುವ ಕಿಕ್ ಲಿವರ್, ಗೇರ್ ಹಾಕುವ ಲಿವರ್ ಎರಡೂ ಒಂದೇ! ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಚಾಲೂ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಹೊಸಬರು ಒಮ್ಮೆಯಾದರೂ ತಬ್ಬಿಬ್ಬಾಗುತ್ತಿದ್ದರು.

ಕಲ್ಲುಮಣ್ಣಿನ ದಾರಿಗೆ ಹೇಳಿಮಾಡಿಸಿದ ಗಾಡಿ ಎಂದು ಯೆಜ್ಡಿಗೆ ಹೆಸರಿತ್ತು. ಆದರೆ 1980ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಹೀರೋ ಕಂಪನಿ ಜಪಾನಿನ ಹೋಂಡಾ ಜೊತೆ, ಟಿ.ವಿ.ಎಸ್. ಸುಜುಕಿ ಜೊತೆ, ಬಜಾಜ್ ಕವಾಸಾಕಿ ಜೊತೆ ಸೇರಿ ಹೊಸ ಎಂಜಿನ್ ತಂದವು. ಬೇರೆಯವರ ಒಳ್ಳೆಯ ಎಂಜಿನ್ನನ್ನು ಹಕ್ಕು ಪಡೆದು ತರುವುದು ಯಾನೆಚೆಕ್ 1929ರಲ್ಲೂ 1932ರಲ್ಲೂ ಮಾಡಿದ ಕೆಲಸವೇ ಅಲ್ಲವೇ? ಈ ಸಲ ಅದನ್ನು ಮಾಡಿದ್ದು ಎದುರಾಳಿಗಳು. 1985ರಲ್ಲಿ ಬಂದ ಹೀರೋ ಹೋಂಡಾ 100 ಸಿ.ಸಿ.ಯ ನಾಲ್ಕು ಹೊಡೆತದ ಗಾಡಿ. ಲೀಟರಿಗೆ ಅದು ಹೋಗುವ ದೂರದ ಅರ್ಧವೂ ಯೆಜ್ಡಿಗೆ ದಾಟುವುದು ಕಷ್ಟ. ಮೈಸೂರಿನವರು 350 ಸಿ.ಸಿ.ಯ ಎರಡು ಸಿಲಿಂಡರಿನ ಗಾಡಿಯನ್ನು ತಂದರು, ಚಿಕ್ಕ ಗಾಡಿಗಳನ್ನೂ ತಂದರು. ಎಲ್ಲವೂ ಎರಡು ಹೊಡೆತದವೇ. ಅತ್ತ ಸರ್ಕಾರ 1991ರಲ್ಲಿ ಹೊಗೆಯ ಮಿತಿ ನಿಗದಿ ಮಾಡಿ, 1996ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿತು. ಅದೇ 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅಲ್ಲಿ ಜೀವಮಾನವಿಡೀ ದುಡಿದ ಕುಟುಂಬಗಳ ಅನ್ನದ ದಾರಿಯೂ ಅದರೊಂದಿಗೆ ಮುಚ್ಚಿತು.

ಮುಚ್ಚಲು ಎಂಜಿನ್ ಒಂದೇ ಕಾರಣವಲ್ಲ. ಹೊಸ ಎಂಜಿನ್ನಿಗೆ ಕೋಟಿಗಟ್ಟಲೆ ಹಣ ಬೇಕು, ಹೊಸ ಯಂತ್ರಗಳು ಬೇಕು. ಈಗ ಕುಳಿತು ಹೀಗೆ ಮಾಡಬೇಕಿತ್ತು ಎನ್ನುವುದು ಸುಲಭ. ಆದರೂ ಒಂದು ಮಾತು ನಿಜ. ಜಾವಾ ಎಂದರೆ ಎರಡು ಹೊಡೆತ ಎಂದು ಕೊಂಡವರೂ ನಂಬಿದ್ದರು, ಮಾಡಿದವರೂ ನಂಬಿದ್ದರು. ಮೊತ್ತಮೊದಲ ಜಾವಾ ನಾಲ್ಕು ಹೊಡೆತದ್ದು ಎಂಬುದು ಯಾರಿಗೂ ನೆನಪಿದ್ದಂತಿರಲಿಲ್ಲ.

ಬುಲೆಟ್ ಗಾಡಿಯ ದಬ್ ದಬ್ ಸದ್ದು ನಿಮಗೆ ಗೊತ್ತಲ್ಲ, ಅದರ ಕಂಪನಿಯೂ ಇಂಥದೇ ಇಕ್ಕಟ್ಟಿಗೆ ಸಿಲುಕಿತ್ತು. ಚೆನ್ನೈನ ರಾಯಲ್ ಎನ್‌ಫೀಲ್ಡ್ 2009ರ ಹೊತ್ತಿಗೆ ಎರಕದ ಕಬ್ಬಿಣದ ಹಳೆಯ ಎಂಜಿನ್ನನ್ನು ಕೈಬಿಟ್ಟು ಅಲ್ಯೂಮಿನಿಯಂ ಎಂಜಿನ್ ತರತೊಡಗಿತು. ಬಲಗಾಲಿನ ಗೇರು ಎಡಗಾಲಿಗೆ ಬಂತು. ಹಳಬರು ಗೊಣಗಿದರು. ಆದರೆ ಗಾಡಿಯ ರೂಪವನ್ನೂ, ಉದ್ದ ಹೊಡೆತದ ದೊಡ್ಡ ಪಿಸ್ಟನ್ನನ್ನೂ ಕಂಪನಿ ಬಿಡಲಿಲ್ಲವಾದ್ದರಿಂದ ಸದ್ದು ತುಸು ತೆಳುವಾದರೂ ಗುರುತು ಅಳಿಯಲಿಲ್ಲ.

ಜಾವಾ ಮತ್ತೆ ಬಂದದ್ದು 2018ರ ನವೆಂಬರ್‌ನಲ್ಲಿ. ಮಹೀಂದ್ರಾ ಬಳಗಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಅದನ್ನು ತಂದಿತು. ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ 293 ಸಿ.ಸಿ., ನಾಲ್ಕು ಹೊಡೆತದ್ದು. ನೀಲಿ ಹೊಗೆಯಿಲ್ಲ, ಪೆಟ್ರೋಲಿಗೆ ಎಣ್ಣೆ ಬೆರೆಸುವ ಗೋಜಿಲ್ಲ. ಆದರೆ ಸಿಲಿಂಡರ್ ಒಂದೇ ಆದರೂ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್ ಇದೆ! ಹಳೆಯ ಗಾಡಿಯ ಗುರುತು ಅದು. ಪೆರಾಕ್ ಎಂಬ ಹೆಸರೂ ಮರಳಿತು. 2022ರಲ್ಲಿ ಯೆಜ್ಡಿ ಎಂಬ ಹೆಸರೂ ಬಂತು.

ಈಗ ಒಂದು ಸೂಕ್ಷ್ಮ ನೋಡಿ. ಹಳೆಯ ಎಂಜಿನ್ನಿನ ಸುತ್ತ ತೆಳುವಾದ ಲೋಹದ ಪದರುಗಳಿರುತ್ತವೆ, ಅವನ್ನು ರೆಕ್ಕೆಗಳು ಎನ್ನೋಣ. ಗಾಳಿ ತಾಗುವ ಮೇಲ್ಮೈ ಹೆಚ್ಚಿದಷ್ಟೂ ಶಾಖ ಬೇಗ ಹೊರಹೋಗುತ್ತದೆ. ಬಿಸಿ ಚಹಾವನ್ನು ಲೋಟದಿಂದ ಬಸಿಗೆ ಸುರಿದರೆ ಬೇಗ ಆರುವುದೂ ಇದಕ್ಕೇ. ಹೊಸ ಜಾವಾದ ಎಂಜಿನ್ನನ್ನು ತಂಪಾಗಿಸುವುದು ಅದರ ಸುತ್ತ ಹರಿಯುವ ದ್ರವ. ಬಿಸಿಯಾದ ದ್ರವ ಮುಂಭಾಗದ ರೇಡಿಯೇಟರಿಗೆ ಹೋಗಿ ಆರಿ ಮರಳುತ್ತದೆ. ಹಾಗಾದರೆ ರೆಕ್ಕೆಗಳು ಬೇಕಿರಲಿಲ್ಲ. ಆದರೂ ಇಟ್ಟಿದ್ದಾರೆ, ಬಹುಮಟ್ಟಿಗೆ ಹಳೆಯ ರೂಪಕ್ಕಾಗಿ. ರೇಡಿಯೇಟರನ್ನು ಮಾತ್ರ ಕಣ್ಣಿಗೆ ಬೀಳದಂತೆ ಚೌಕಟ್ಟಿನ ಕೊಳವೆಗಳ ಹಿಂದೆ ಅಡಗಿಸಿದ್ದಾರೆ.

ಇದು ಮೋಸವೇ? ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಹತ್ತಿರದಲ್ಲೇ ಇರುವ ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ನೆನೆಯಿರಿ. ಅದು ಗರುಡನಿಗಾಗಿ ಕಟ್ಟಿದ ಗುಡಿ. ಗುಡಿಗೆ ಗಾಲಿ ಏಕೆ? ಊರ ತೇರು ಮರದ್ದು, ಅದಕ್ಕೆ ಗಾಲಿ ಬೇಕು. ಕಲ್ಲಿನಲ್ಲಿ ಕಟ್ಟಿದ ಶಿಲ್ಪಿಗಳು ಗಾಲಿಯನ್ನೂ ಅಚ್ಚನ್ನೂ ಬಿಡದೆ ಕೆತ್ತಿದರು. ವಸ್ತು ಬದಲಾಯಿತು, ನೋಡಿದವರು ತೇರೆಂದು ಗುರುತಿಸಿದರು. ಆದರೆ ಬೈಕು ಕಲ್ಲಿನ ರಥದಂತೆ ನಿಂತಿರಲಾಗದು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಎಂಬ ಹೊಸ ಹೊಗೆ ನಿಯಮ ಬಂದಾಗ ಹೊಸ ಜಾವಾ ಸಹ ಮತ್ತೆ ಬದಲಾಗಬೇಕಾಯಿತು.

ನಿಮ್ಮೂರಿನಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಇದ್ದರೆ ಅದರ ಯಜಮಾನರನ್ನು ಕೇಳಿ ಹತ್ತಿರದಿಂದ ನೋಡಿ. ಎಂಜಿನ್ ಆರಿದ ಮೇಲೆ ಮಾತ್ರ ಮುಟ್ಟಿ, ಸೈಲೆನ್ಸರ್ ಸುಟ್ಟೀತು. ರೆಕ್ಕೆಗಳನ್ನು ಎಣಿಸಿ. ಪಕ್ಕದಲ್ಲಿ ಹೊಸ ಜಾವಾ ಸಿಕ್ಕರೆ ಎರಡರ ಚಿತ್ರವನ್ನೂ ಬರೆದು ಹೋಲಿಸಿ. ಹೊಸದರಲ್ಲಿ ಒಂದನ್ನು ನೀವು ಎಷ್ಟು ಹುಡುಕಿದರೂ ಸಿಗದು. ಕಿಕ್ಕೂ ಗೇರೂ ಆಗಿದ್ದ ಆ ಲಿವರ್ ಮರಳಿ ಬರಲಿಲ್ಲ. ಅದರ ಕಿಕ್ ಕೆಲಸವನ್ನು ಈಗ ಹ್ಯಾಂಡಲ್ಲಿನ ಮೇಲಿನ ಒಂದು ಗುಂಡಿ ಮಾಡುತ್ತದೆ, ಯಜಮಾನರು ಬೇಕೆಂದರೆ ಹಳೆಯದರ ಮೇಲೆ ನಿಮಗೆ ಅದನ್ನು ಒತ್ತಿ, ಎತ್ತಿ, ತುಳಿದು ತೋರಿಸಿಯಾರು.